ಬಾವಿಕಟ್ಟೆಯ ಹೆಂಗಸಿನ ಮಾತು

ಕಟ್ವೆ, ಕಂಪಾಲ
9 ಫೆಬ್ರವರಿ 2004

ತಂಗಿ ರೆಸ್ಟಿಗೆ ಅಣ್ಣ ಕಿಗೋಜಿಯ ಆಶೀರ್ವಾದಗಳು.

ನೀನು ಕ್ಷೇಮ, ಮಗಳು ಗೊರೆಟಿ ಮೂರನೇ ಕ್ಲಾಸಿಗೆ ಹೋಗುತ್ತಿದ್ದಾಳೆ, ದಮುಲಿರನ ಕಾಫಿ ವ್ಯಾಪಾರ ಕುದುರಿದೆ ಎಂದುಕೊಂಡಿದ್ದೇನೆ. ಫೋನು ಮಾಡಿದರೆ ಯಾವಾಗಲೂ ನಿನ್ನ ಗಂಡನೇ ಎತ್ತುತ್ತಾನೆ. 'ಅವಳು ಶಾಲೇಲಿದಾಳೆ ಭಾವ, ಅವಳು ತೋಟದಲ್ಲಿದಾಳೆ ಭಾವ' ಎನ್ನುತ್ತಾನೆ. ಅದಕ್ಕೇ ಕಾಗದ.

ಇಲ್ಲಿ ಕಿಗೋಜಿ ಎಂದರೆ ಈಗ ಯಾರಿಗೂ ಗೊತ್ತಾಗುವುದಿಲ್ಲ. ವೀಜೆ ಕಿಬುಯಾಗ ಎನ್ನಬೇಕು, ಬಿರುಗಾಳಿ ವೀಜೆ! ಬೆಸುಗೆ ಅಂಗಡಿಗಳ ನಡುವಿನ ನಮ್ಮ ವಿಡಿಯೊ ಹಾಲಿನಲ್ಲಿ ಬೆಂಚುಗಳು ಸಾಲದೆ ಜನ ಜೆರಿಕ್ಯಾನ್ ತಂದು ಅದರ ಮೇಲೆ ಕೂರುತ್ತಾರೆ. ಹಾಂಕಾಂಗಿನ ಚಿತ್ರವಾಗಲಿ ಅಮೆರಿಕದ್ದಾಗಲಿ, ಪರದೆಯ ಪಕ್ಕ ಮೈಕು ಹಿಡಿದು ಕೂತು ಎಲ್ಲರ ಮಾತನ್ನೂ ನಾನೊಬ್ಬನೇ ನಮ್ಮ ಲುಗಾಂಡದಲ್ಲಿ ಆಡುತ್ತೇನೆ. ನಾಯಕ ನಾನೇ, ಕಳ್ಳ ನಾನೇ, ಕಳ್ಳನ ಅತ್ತೆಯೂ ನಾನೇ. ಆಮೇಲೆ ಅದೇ ಸಿ.ಡಿ.ಯಾಗಿ ಮಸಾಕದ ತನಕ ಹೋಗುತ್ತದೆ.

ಈಗ ಒಂದು ಸಂಕಟ ಬಂದಿದೆ. ಭಾರತದ ಚಿತ್ರವೊಂದು ಸಿಕ್ಕಿದೆ. ಅದರಲ್ಲಿ ಒಬ್ಬ ಹೆಂಡತಿ ಬಾವಿಕಟ್ಟೆಯ ಮೇಲೆ ನಿಂತು ನಾಲ್ಕು ನಿಮಿಷ ಮಾತಾಡುತ್ತಾಳೆ. ಹಾಡಿಲ್ಲ, ಹೊಡೆದಾಟವಿಲ್ಲ, ಒಬ್ಬಳೇ ಬಾವಿಗೆ ಹೇಳಿಕೊಳ್ಳುತ್ತಾಳೆ. ಒಂದಕ್ಷರ ಅರ್ಥವಾಗುವುದಿಲ್ಲ. 'ಅಯ್ಯೋ, ನನ್ನ ಗಂಡ ಇನ್ನೂ ಬರಲಿಲ್ಲ' ಎಂದು ಎಷ್ಟು ಸಲ ಹೇಳಲಿ? ಹೆಂಗಸರ ಮಾತು ನನಗೆ ಯಾವತ್ತೂ ಬಂದದ್ದಲ್ಲ. ನೆನಪಿದೆಯಾ, ಚರ್ಚಿನ ಗೋಡೆಯ ಮೇಲೆ ಪಾದ್ರಿ ಚಿತ್ರ ತೋರಿಸುತ್ತಿದ್ದಾಗ ನೀನು ನನ್ನ ಕಿವಿಯಲ್ಲಿ ಮಾತು ಕಟ್ಟಿ ಹೇಳುತ್ತಿದ್ದೆ, ನಾನು ಅದನ್ನೇ ಕೂಗಿ ಹೇಳುತ್ತಿದ್ದೆ. ಕೇಳಿಸಿತು, ಮುಂದಿನದು ಹೇಳು ಎನ್ನುವುದಕ್ಕೆ ನಿನ್ನ ಕಾಲ್ಬೆರಳು ಒತ್ತುತ್ತಿದ್ದೆ. ಊರೆಲ್ಲ ನನ್ನ ಬೆನ್ನು ತಟ್ಟುತ್ತಿತ್ತು. ಈಗಲೂ ಒಂದಷ್ಟು ಮಾತು ಕಟ್ಟಿ ಕಳಿಸು.

ಇನ್ನೊಂದು ಕಾಟವಿದೆ. ಯೂನಿವರ್ಸಿಟಿಯಿಂದ ಅಯಿಕೊರು ಎನ್ನುವ ಹುಡುಗಿ ಬರುತ್ತಾಳೆ, ಉತ್ತರದ ಅರುವಾ ಕಡೆಯವಳು. ನನ್ನ ಮುಂದೆ ಮಂಡಿಯೂರಿ ನಮಸ್ಕಾರ ಮಾಡುವುದಿಲ್ಲ, ಕೈ ಕುಲುಕುತ್ತಾಳೆ! ಸಿನಿಮಾದಲ್ಲಿ ಹೆಂಗಸರು ಏನಾಗಿ ಕಾಣುತ್ತಾರೆ ಎಂದು ಓದುತ್ತಿದ್ದಾಳಂತೆ. ಅದನ್ನೂ ಓದಬೇಕೇ? ಕಣ್ಣಿದ್ದರೆ ಕಾಣುವುದಿಲ್ಲವೇ?

ನಿನ್ನ ಮದುವೆಯಲ್ಲಿ ನಿನ್ನನ್ನು ಒಪ್ಪಿಸಿಕೊಟ್ಟು, ಹೆಣ್ಣು ಕೊಡುವ ಅಣ್ಣನ ಪಾಲೆಂದು ನಾನು ಪಡೆದ ಹುಂಜದಂಥದ್ದು ಆಮೇಲೆ ಸಿಕ್ಕಿಲ್ಲ. ಅದರ ರುಚಿ ನಿನಗೆ ಹೇಳಿ ಏನು ಪ್ರಯೋಜನ, ಅಜ್ಜಿ ಹೆಣ್ಣುಮಕ್ಕಳಿಗೆ ಕೋಳಿಯ ಸಾರನ್ನೂ ಮೂಸಲು ಬಿಡುತ್ತಿರಲಿಲ್ಲ.

ನಿನ್ನ ಅಣ್ಣ
ಕಿಗೋಜಿ


ಕಲಿಸಿಜೊ
27 ಫೆಬ್ರವರಿ 2004

ಪ್ರೀತಿಯ ಅಣ್ಣನಿಗೆ,

ನಾವೆಲ್ಲ ಆರಾಮ. ಮಳೆ ಶುರುವಾಗುವ ಹಾಗಿದೆ, ಮನೆಯ ಹಿಂದೆ ಬೀನ್ಸ್ ಹಾಕಿದೆ. ನಾನು ಪಾಠ ಹೇಳುವ ಐದನೇ ಕ್ಲಾಸಿನಲ್ಲಿ ಈ ವರ್ಷ ಎಪ್ಪತ್ತೊಂದು ಮಕ್ಕಳು. ಗೊರೆಟಿ ನಿನ್ನ ಸಿ.ಡಿ.ಗಳನ್ನು ಕೇಳಿ ನಿನ್ನ ಹಾಗೇ ಮಾತಾಡುತ್ತಾಳೆ.

ಮುಂದಿನ ಹಾಳೆಯಲ್ಲಿ ನೀನು ಕೇಳಿದ ಮಾತಿದೆ. ಬಾವಿಕಟ್ಟೆಯ ಹೆಂಗಸಿನದು. ಒಂದೇ ಕೋರಿಕೆ. ಇದನ್ನು ನಿಧಾನವಾಗಿ ಹೇಳು. ಮೊದಲು ನೀನೊಬ್ಬನೇ ಕೂತು ಎರಡು ಸಲ ಓದಿಕೋ. ಇದು ನಗಿಸುವುದಕ್ಕೆ ಬರೆದದ್ದಲ್ಲ. ಕೇಳಿಸಿತು ಅನ್ನುವುದನ್ನು ಹಿಂದಿನ ಹಾಗೆ ತಿಳಿಸು.

'ಬಾವೀ, ನಿನಗೆ ಮಾತ್ರ ಹೇಳ್ತೀನಿ. ಅವನು ಹೊಡೆಯೋ ಮುಂಚೆ ಕಿಟಕಿ ಮುಚ್ತಾನೆ. ಒಳ್ಳೆ ಮನುಷ್ಯ, ಪಕ್ಕದ ಮನೆಯವರ ನಿದ್ದೆ ಕೆಡಬಾರದಲ್ಲ. ಹಬ್ಬದ ಮಾರನೇ ದಿನ ನನ್ನ ಹಲ್ಲೊಂದು ಉದುರಿತು. ಬೀನ್ಸ್ ಬೀಜದ ಜೊತೆ ಅದನ್ನೂ ನೆಟ್ಟಿದೀನಿ. ಮಳೆ ಬಂದ್ರೆ ನಗು ಮೊಳೆಯುತ್ತೇನೋ ನೋಡಬೇಕು. ನನ್ನನ್ನ ಕೊಟ್ಟೋನು ಒಬ್ಬ ಇದಾನೆ. ಕೊಟ್ಟ ಕೈಗೆ ಒಂದು ಹುಂಜ ಸಿಕ್ತು. ಅವನ ಬಾಗಿಲು ತಟ್ಟಿದ್ರೆ ತೆಗೀತಾನೋ, ಇಲ್ಲ ತಿಂದ ಹುಂಜ ನೆನಪಾಗಿ ಚಿಲಕ ಹಾಕ್ಕೋತಾನೋ? ಬಾವೀ, ನೀನು ಎಷ್ಟು ಆಳ ಅಂತ ಕೇಳಲ್ಲ. ಆ ಬಾಗಿಲು ಎಷ್ಟು ದೂರ ಅಂತ ಹೇಳು, ಸಾಕು.'

ಇಷ್ಟೇ. ನಾಲ್ಕು ನಿಮಿಷಕ್ಕೆ ಕಡಿಮೆಯಾದರೆ ಉಳಿದದ್ದನ್ನು ಬಾವಿಗೇ ಬಿಡು.

ನಿನ್ನ ತಂಗಿ
ರೆಸ್ಟಿ

ಭಾವನವರಿಗೆ ದಮುಲಿರನ ವಂದನೆಗಳು. ಅಂಚೆಗೆ ಹಾಕುವ ಮುಂಚೆ ನಾನೂ ಎರಡು ಸಾಲು ಸೇರಿಸುತ್ತಿದ್ದೇನೆ. ರೆಸ್ಟಿ ಏನೋ ಸಿನಿಮಾ ಮಾತು ಬರೆದಿದ್ದಾಳೆ, ಆ ಹಾಳೆ ನಾನು ಓದಲಿಲ್ಲ, ಹೆಂಗಸರ ಹರಟೆ. ನಿಮ್ಮ ಕೆಲಸಕ್ಕೆ ಬಂದರೆ ಸರಿ. ಈ ಸಲ ಬಂದಾಗ ಒಳ್ಳೇ ಬಾಳೆಹಣ್ಣಿನ ಮದ್ಯ ಇಟ್ಟಿರುತ್ತೇನೆ.


ಕಟ್ವೆ, ಕಂಪಾಲ
22 ಮಾರ್ಚ್ 2004

ನನ್ನ ಬಂಗಾರದ ತಂಗಿಗೆ,

ಎಂಥ ಮಾತು ಕಳಿಸಿದೆಯೇ! ವಿಡಿಯೊ ಹಾಲಿನ ಚಾವಣಿಯ ತಗಡು ಹಾರಿಹೋಗುವುದೊಂದು ಬಾಕಿ. 'ಕಿಟಕಿ ಮುಚ್ತಾನೆ, ಒಳ್ಳೆ ಮನುಷ್ಯ' ಅಂದಾಗಲೇ ನಗು ಶುರುವಾಯಿತು. ಹಲ್ಲು ನೆಟ್ಟ ಮಾತಿಗೆ ಜನ ಹೊಟ್ಟೆ ಹಿಡಿದುಕೊಂಡು ಒಬ್ಬರ ಮೇಲೊಬ್ಬರು ಬಿದ್ದರು. ಒಬ್ಬ ಬೆಸುಗೆಯವನು ಬೆಂಚಿನಿಂದ ಕೆಳಗೇ ಜಾರಿದ. ನಿಧಾನವಾಗಿ ಹೇಳು ಎಂದಿದ್ದೆ. ನಿಧಾನವಾಗಿ ಹೇಳಿದರೆ ಜನ ಎದ್ದು ಹೋಗುತ್ತಾರಮ್ಮ, ಇದು ಪ್ರಾರ್ಥನೆಯಲ್ಲ. ನಾನು ಮೂಗಿನಲ್ಲಿ ಹೆಣ್ಣುದನಿ ತೆಗೆದು, ನಡುನಡುವೆ ಬಿಕ್ಕಳಿಸಿ ಹೇಳಿದೆ. ನೀನು ನಗಿಸುವುದಕ್ಕಲ್ಲ ಎಂದು ಬರೆದಾಗಲೇ ನನಗೆ ಗೊತ್ತಾಯಿತು, ನಗಿಸುವುದಕ್ಕೇ ಎಂದು. ಚಿಕ್ಕವಳಿದ್ದಾಗಿನಿಂದ ನಿನ್ನದು ಇದೇ ಕಳ್ಳಾಟ. ನನ್ನ ಹುಂಜಕ್ಕೂ ಕೈ ಹಾಕಿದೆಯಲ್ಲ, ಕಳ್ಳಿ!

ನಗದೆ ಕೂತವಳು ಒಬ್ಬಳೇ, ಆ ಅಯಿಕೊರು. ಚಿತ್ರ ಮುಗಿದ ಮೇಲೆ ನೋಟ್‌ಬುಕ್ ಹಿಡಿದು ಬಂದಳು.

'ವೀಜೆ ಅವ್ರೇ, ಬಾವಿ ಹತ್ರದ ಮಾತು ಯಾರು ಬರೆದದ್ದು?'

'ನಾನೇ. ಇನ್ಯಾರು?'

'ನೀವಲ್ಲ. ನಿಮ್ಮ ಹೆಂಗಸರು ಹೀಗೆ ಮಾತಾಡಲ್ಲ. ನಲವತ್ತು ಸಿನಿಮಾ ಕೂತು ಕೇಳಿದೀನಿ. ನಿಮ್ಮ ಹೆಂಗಸರಿಗೆ ಮೂರೇ ಕೆಲಸ. ಅಳ್ತಾರೆ, ಪೀಡಿಸ್ತಾರೆ, ಹೂಂ ಅಂತಾರೆ. ಕತ್ತಿ ಹಿಡಿದು ಹತ್ತು ಜನಾನ ಕಡಿದೋಳ ಬಾಯಲ್ಲೂ ನೀವು "ದಣಿದು ಬಂದ್ರಾ ಯಜಮಾನ್ರೇ" ಅಂತ ಹೇಳಿಸಿ ಮಂಡಿಯೂರಿಸಿದ್ರಿ. ಇವಳು ಬೇರೆ ಥರ ಇದಾಳೆ.'

ನಿನ್ನ ಹೆಸರು ಹೇಳಲಿಲ್ಲ. ಹೇಳಿದರೆ ಬಿರುಗಾಳಿ ವೀಜೆಗೆ ಮಾತು ಕಟ್ಟುವವಳು ಹಳ್ಳಿಯ ಟೀಚರ್ ಎಂದು ಜನ ಆಡಿಕೊಳ್ಳುತ್ತಾರೆ. ನಿನಗೇನು ಬೇಜಾರಿಲ್ಲವಲ್ಲ?

ಸಿ.ಡಿ. ಬಿಸಿ ಹೆಂಚಿನ ಮೇಲೆ ಹುರಿದು ಮಾರುವ ಮಿಡತೆಯ ಹಾಗೆ ಖರ್ಚಾಗುತ್ತಿದೆ. ಬರುವ ವಾರ ಕಲಿಸಿಜೊಗೂ ಬರುತ್ತದೆ, ದಮುಲಿರನನ್ನು ಮುಂದಿನ ಬೆಂಚಿನಲ್ಲೇ ಕೂರಿಸು. ಎಷ್ಟು ಸಜ್ಜನ! ಹೆಂಡತಿಯ ಅಣ್ಣನಿಗೆ ಕಾಗದದ ಕೊನೆಯಲ್ಲಿ ಎರಡು ಸಾಲು ಬರೆಯುವ ಗಂಡಸು ಈ ಕಾಲದಲ್ಲಿ ಎಲ್ಲಿ ಸಿಗುತ್ತಾನೆ?

ಕಿಗೋಜಿ


ಕಟ್ವೆ, ಕಂಪಾಲ
3 ಮೇ 2004

ರೆಸ್ಟಿ,

ಆರು ವಾರವಾಯಿತು, ಒಂದು ಸಾಲಿಲ್ಲ. ಹೆಸರು ಹೇಳಲಿಲ್ಲ ಎಂದು ಮುನಿಸೇ? ಮೊನ್ನೆ ಫೋನು ಮಾಡಿದೆ. ದಮುಲಿರ ಎತ್ತಿದ. 'ಮಲೇರಿಯಾ ಭಾವ, ಮಲಗಿದಾಳೆ' ಎಂದ. ಗೊರೆಟಿಗಾದರೂ ಕೊಡು ಎಂದೆ. ಲೈನು ಹೋಯಿತು. ಯಾವಾಗಲೂ ನನ್ನ ಸಿನಿಮಾ ವಿಚಾರ ಕೇಳುವವನು ಈ ಸಲ ಕೇಳಲಿಲ್ಲ. ಅವನಿಗೂ ಮೈ ಸರಿಯಿಲ್ಲವೇನೋ.

ಮಲೇರಿಯಾ ಆದರೆ ಇಷ್ಟು ದಿನ ಇರುತ್ತದೆಯೇ? ಬೇವಿನ ಕಷಾಯ ಬೇಡ, ಆಸ್ಪತ್ರೆಗೆ ಹೋಗು.

ಆ ಹುಡುಗಿ ಮತ್ತೆ ಬಂದಿದ್ದಳು. ಅದೇ ಸಿ.ಡಿ. ಕೊಂಡು ರೂಮಿನಲ್ಲಿ ಒಬ್ಬಳೇ ಕೇಳಿದಳಂತೆ. 'ನಿಮ್ಮ ಮೂಗಿನ ದನಿ ತೆಗೆದುಹಾಕಿ ಬರೀ ಮಾತು ಬರ್ಕೊಂಡೆ. ಓದಿ ನೋಡಿ' ಎಂದು ಒಂದು ಹಾಳೆ ಕೊಟ್ಟಳು. ನನ್ನ ಕಣ್ಣಿಗೆ ಮಾತು ಅದೇ. ಆದರೆ ಅವಳ ಕೈಬರಹದಲ್ಲಿ ಓದುವಾಗ ನಗು ಬರಲಿಲ್ಲ. ಯಾಕೆ ಎಂದು ನನಗೆ ಗೊತ್ತಾಗಲಿಲ್ಲ. ಪರದೆಯ ಮೇಲೆ ಹೆಂಗಸು ಬಾಯಿ ತೆರೆದಾಗ ಹೊರಬರುವುದು ಗಂಡಸಿನ ದನಿ, ನೋಡುವವನೂ ಗಂಡಸು, ನಗುವವನೂ ಗಂಡಸು, ಹಾಗಿದ್ದರೆ ಆ ಹೆಂಗಸು ಎಲ್ಲಿದ್ದಾಳೆ ಎಂದು ಕೇಳಿದಳು. ಭಾರತದಲ್ಲಿದ್ದಾಳೆ ಎಂದೆ. ಎಲ್ಲರೂ ನಕ್ಕರು. ಅವಳು ನಗಲಿಲ್ಲ, ನಾನೂ ಮನೆಗೆ ಬಂದ ಮೇಲೆ ನಗಲಿಲ್ಲ.

ಒಂದು ಸಾಲು ಬರಿ. ಬೈದಾದರೂ ಬರಿ.

ಕಿಗೋಜಿ


ಕಲಿಸಿಜೊ, ಶಾಲೆಯ ಟೀಚರುಗಳ ಕೋಣೆ
30 ಮೇ 2004

ಅಣ್ಣಾ,

ಈ ಕಾಗದ ಅಂಚೆಯಲ್ಲಿ ಬರುವುದಿಲ್ಲ. ನಮ್ಮ ನಲೊಂಗೊ ಟೀಚರ್ ಮಸಾಕದ ಟ್ಯಾಕ್ಸಿ ವ್ಯಾನಿನ ಕಂಡಕ್ಟರ್ ಕೈಯಲ್ಲಿ ಕೊಡುತ್ತಾಳೆ. ನೀನೂ ಉತ್ತರವನ್ನು ಅವಳ ಹೆಸರಿಗೇ ಕಳಿಸು. ಮನೆಗೆ ಬರುವ ಕಾಗದ, ಮನೆಯಿಂದ ಹೋಗುವ ಕಾಗದ ಎಲ್ಲವನ್ನೂ ದಮುಲಿರ ಓದುತ್ತಾನೆ. ನಿನಗೆ ಸಜ್ಜನಿಕೆಯಾಗಿ ಕಂಡ ಆ ಎರಡು ಸಾಲು ಅವನ ಕಾವಲಿನ ಗುರುತು. ಸಿನಿಮಾ ಮಾತು ಎಂದು ಬರೆದರೆ ಆ ಹಾಳೆ ಓದುವುದಿಲ್ಲ ಎಂದು ನನಗೆ ಗೊತ್ತಿತ್ತು. ನೀನು ಓದುತ್ತೀಯ ಎಂದೂ ಗೊತ್ತಿತ್ತು. ಓದಿದೆ. ನನ್ನ ಕಾಲ್ಬೆರಳು ಒತ್ತಲಿಲ್ಲ.

ಬಾವಿಕಟ್ಟೆಯ ಹೆಂಗಸು ನಾನು.

ಏಪ್ರಿಲ್ ಮೊದಲ ಭಾನುವಾರ ನಿನ್ನ ಸಿ.ಡಿ. ಇಲ್ಲಿಯ ವಿಡಿಯೊ ಹಾಲಿನಲ್ಲಿ ಹಾಕಿದರು. ದಮುಲಿರ ಗೆಳೆಯರ ಜೊತೆ ಮುಂದಿನ ಬೆಂಚಿನಲ್ಲೇ ಕೂತಿದ್ದ. ನಾನು ಕ್ರಿಸ್‌ಮಸ್ ಮಾರನೇ ದಿನ ನಲ್ಲಿಯ ಹತ್ತಿರ ಜಾರಿಬಿದ್ದು ಹಲ್ಲು ಹೋಯಿತು ಎಂದು ಎಲ್ಲರಿಗೂ ಹೇಳಿದ್ದೆ. ಯಾರೂ ನಂಬಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ನೀನು ಮೂಗಿನಲ್ಲಿ ಹಲ್ಲಿನ ಮಾತು ಹೇಳಿದಾಗ ಹಾಲಿಗೆ ಹಾಲೇ ನಕ್ಕಿತಂತೆ, ಆಮೇಲೆ ಹಿಂದಿನಿಂದ ಕಟಿಂಗ್ ಅಂಗಡಿಯವನು ಕೂಗಿದನಂತೆ, 'ಏಯ್ ದಮುಲಿರ, ಇದು ನಿಮ್ಮನೆ ಸಿನಿಮಾನೇ ಅಲ್ವೇನೋ!' ಅದಕ್ಕೆ ಇನ್ನೂ ಜೋರು ನಗು. ಅವತ್ತಿನಿಂದ ಸಂತೆಯಲ್ಲಿ ಅವನನ್ನು ಕಂಡವರೆಲ್ಲ 'ಬೀನ್ಸ್ ಹೇಗೆ ಬಂತಪ್ಪಾ ಈ ಸಲ?' ಎಂದು ಕೇಳುತ್ತಾರೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಕೇಳಿದವರು ನಕ್ಕು ಮನೆಗೆ ಹೋಗುತ್ತಾರೆ, ಅವನು ನಾನಿರುವ ಮನೆಗೆ ಬರುತ್ತಾನೆ.

ಆ ಭಾನುವಾರ ಅವನು ಕಿಟಕಿ ಮುಚ್ಚಲಿಲ್ಲ. ಹಗಲು ಹೊತ್ತಿನಲ್ಲೇ ಗುದ್ದಲಿ ಕೈಗೆ ಕೊಟ್ಟು, 'ಹುಡುಕಿ ಕೊಡು ಆ ಹಲ್ಲನ್ನ. ಊರಿಗೆಲ್ಲ ಹೇಳಿದೀಯಲ್ಲ, ತೆಗೆದು ತೋರಿಸು' ಎಂದ. ಬೀನ್ಸ್ ಮೊಣಕಾಲೆತ್ತರ ಬಂದಿತ್ತು, ಹೂ ಬಿಟ್ಟಿತ್ತು. ಒಂದೊಂದು ಗಿಡವನ್ನೂ ಕಿತ್ತು, ಬೇರಿನ ಮಣ್ಣು ಉದುರಿಸಿ ನೋಡಿದೆ. ಪೂರ್ತಿ ತೋಟ. ಅವನು ಸ್ಟೂಲ್ ಹಾಕಿಕೊಂಡು ಕೂತಿದ್ದ. ಸಂಜೆಯ ತನಕ ಹುಡುಕಿದೆ. ಹಲ್ಲು ಅಲ್ಲಿರಲಿಲ್ಲ, ಅದು ನನ್ನ ಕರ್ಚೀಫಿನ ತುದಿಯ ಗಂಟಿನಲ್ಲಿದೆ. ನಿನಗೆ ಬರೆದದ್ದರಲ್ಲಿ ಅದೊಂದೇ ಕಟ್ಟುಕತೆ. ಆಮೇಲಿನ ಮೂರು ವಾರವನ್ನು ಮಲೇರಿಯಾ ಎಂದೇ ಇಟ್ಟುಕೋ.

ಇದನ್ನೂ ತಡೆದುಕೊಳ್ಳುತ್ತಿದ್ದೆನೇನೋ. ಮೊನ್ನೆ ಗೊರೆಟಿ ಬಾಳೆನಾರಿನ ಗೊಂಬೆಯನ್ನು ಬಕೆಟ್ಟಿನ ಅಂಚಿನ ಮೇಲೆ ನಿಲ್ಲಿಸಿ ಆಡುತ್ತಿದ್ದಳು. 'ಬಾವೀ, ನಿನಗೆ ಮಾತ್ರ ಹೇಳ್ತೀನಿ' ಎಂದು ಮೂಗಿನಲ್ಲಿ, ನಿನ್ನ ದನಿಯಲ್ಲಿ. ಆಮೇಲೆ ತಾನೇ ವಿಡಿಯೊ ಹಾಲಿನ ಜನರ ಹಾಗೆ ಕೇಕೆ ಹಾಕಿ ನಕ್ಕಳು. ನನ್ನನ್ನು ನೋಡಿ, 'ಅಮ್ಮಾ, ನೀನ್ಯಾಕೆ ನಗಲ್ಲ? ಮಾಮ ಎಷ್ಟು ಚೆನ್ನಾಗಿ ಹೇಳ್ತಾನೆ!' ಎಂದಳು. ಎಂಟು ವರ್ಷದ ಮಗು, ಅಣ್ಣಾ. ಹೆಂಗಸು ಏಟು ತಿಂದ ಕಡೆಯಲ್ಲಿ ನಗಬೇಕು ಎಂದು ಅವಳು ಆಗಲೇ ಕಲಿತಿದ್ದಾಳೆ. ಅದನ್ನು ಕಲಿಸಿದವನು ಅವಳಪ್ಪ ಅಲ್ಲ, ನೀನು.

ಈಗ ಸಿನಿಮಾ ಮಾತಲ್ಲ, ನೇರ ಕೇಳುತ್ತೇನೆ. ನಾನು ಗೊರೆಟಿಯನ್ನು ಕರೆದುಕೊಂಡು ಬಂದರೆ ಬಾಗಿಲು ತೆಗೆಯುತ್ತೀಯಾ? ಹುಂಜ ತಿಂದವನು ನೀನು. ನೀನು ತೆಗೆಯದಿದ್ದರೆ ನಮ್ಮ ಕುಲದಲ್ಲಿ ಇನ್ನಾರೂ ತೆಗೆಯುವುದಿಲ್ಲ.

ರೆಸ್ಟಿ


ಕಟ್ವೆ, ಕಂಪಾಲ
8 ಜೂನ್ 2004

ತಂಗಿ,

ನಿನ್ನ ಕಾಗದ ಓದಿ ಎರಡು ದಿನ ಊಟ ಸೇರಲಿಲ್ಲ. ನನಗೆ ಗೊತ್ತಾಗಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಆ ಸಿ.ಡಿ. ಮಾರುವುದನ್ನು ನಿಲ್ಲಿಸಿದ್ದೇನೆ. ಆದರೆ ಹೋದದ್ದು ಹೋಯಿತು, ನಕಲು ಮಾಡುವವರ ಕೈ ಯಾರು ಹಿಡಿಯುತ್ತಾರೆ?

ಇನ್ನೊಂದು ಕೆಲಸ ಮಾಡಿದೆ. ಶನಿವಾರ ಜನ ಕೇಳಿದರೆಂದು ಅದೇ ಚಿತ್ರ ಹಾಕಬೇಕಾಯಿತು. ಬಾವಿಕಟ್ಟೆಯ ದೃಶ್ಯ ಬಂದಾಗ ಮೈಕು ಆರಿಸಿಬಿಟ್ಟೆ. ನಾಲ್ಕು ನಿಮಿಷ ಒಂದು ಮಾತಾಡಲಿಲ್ಲ. 'ಏ ಬಿರುಗಾಳಿ, ಗಂಟಲಲ್ಲಿ ಮೀನಿನ ಮುಳ್ಳು ಸಿಕ್ತೇನೋ?' ಎಂದು ಕಿರುಚಿದರು, ಕಡಲೆಕಾಯಿ ಸಿಪ್ಪೆ ಎಸೆದರು. ಸಹಿಸಿಕೊಂಡೆ. ನಿನ್ನ ಮರ್ಯಾದೆಗಾಗಿ ಇಷ್ಟಾದರೂ ಮಾಡಿದೆನಲ್ಲ ಎಂದು ಸಮಾಧಾನವಾಯಿತು.

ಬರುವ ವಿಚಾರ. ರೆಸ್ಟಿ, ಸ್ವಲ್ಪ ತಾಳು. ಹಿರಿಯ ದೊಡ್ಡಪ್ಪನನ್ನು ಕೇಳಿದೆ. 'ತಿಂದ ಹುಂಜ ಹೊಟ್ಟೆಯಿಂದ ವಾಪಸ್ ಬಂದು ಕೂಗುತ್ತೇನೋ?' ಎಂದರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದರು. ನನ್ನದು ಒಂದೇ ಕೋಣೆ. ಗೊರೆಟಿ ಅವನ ಕುಲದ ಮಗು. ನಾನು ಆಗಸ್ಟಿನಲ್ಲಿ ಬಂದು ದಮುಲಿರನ ಜೊತೆ ಕೂತು ಮಾತಾಡುತ್ತೇನೆ. ಗಂಡಸು ಗಂಡಸು ಕೂತರೆ ಬಗೆಹರಿಯದ್ದು ಏನಿದೆ? ಅಲ್ಲಿಯ ತನಕ ಅವನ ಎದುರು ಮಾತಾಡಬೇಡ.

ಕಿಗೋಜಿ


ಕಲಿಸಿಜೊ
20 ಜೂನ್ 2004

ಅಣ್ಣಾ,

ನಿನ್ನ ಪರದೆಯ ಹೆಂಗಸಿಗೂ ನನಗೂ ಒಂದೇ ಮದ್ದು ಕೊಟ್ಟಿದ್ದೀಯ. ಅವಳ ಮೈಕು ಆರಿಸಿದೆ, ನನಗೆ ಮಾತಾಡಬೇಡ ಎಂದೆ.

ನೀನು ಸುಮ್ಮನಾದ ನಾಲ್ಕು ನಿಮಿಷ ಆ ಭಾರತದವಳು ಪರದೆಯ ಮೇಲೆ ಬಾಯಿ ಆಡಿಸುತ್ತಲೇ ಇದ್ದಳಲ್ಲ. ಅವಳು ಏನೋ ಹೇಳುತ್ತಿದ್ದಳು. ಮೊದಲ ಸಲ ಅವಳ ಬಾಯಿಗೆ ಮೂಗಿನ ದನಿ ತುಂಬಿದೆ, ಎರಡನೇ ಸಲ ಏನೂ ತುಂಬಲಿಲ್ಲ. ಎರಡೂ ಸಲ ಜನ ನೋಡಿದ್ದು ನಿನ್ನನ್ನೇ. ಮರ್ಯಾದೆ ಉಳಿಸಿದೆ ಎನ್ನುತ್ತೀಯ. ಯಾರದು? ಇದು ನನ್ನ ತಂಗಿಯ ಮಾತು, ಇದು ನಿಜ, ಇದಕ್ಕೆ ನಗಬೇಡಿ ಎಂದು ಹೇಳುವ ದಾರಿಯೊಂದು ಇತ್ತು. ಅದು ನಿನಗೆ ಹೊಳೆಯಲೇ ಇಲ್ಲ. ನಿನ್ನ ಆ ಅಯಿಕೊರುವನ್ನು ನಾನು ನೋಡಿಲ್ಲ. ಆದರೆ ನನ್ನ ಕಾಗದ ತಲುಪಿದ್ದು ಅವಳಿಗೇ ಅನ್ನಿಸುತ್ತದೆ.

ಗಾದೆ ಹೇಳಿದ ದೊಡ್ಡಪ್ಪನಿಗೆ ಹೇಳು, ನಮ್ಮ ಮನೆಯಲ್ಲಿ ಜಗಳ ಉಂಡು ಮಲಗಿದ ಮೇಲೇ ಶುರುವಾಗುವುದು.

ಆಗಸ್ಟಿನ ತನಕ ನಾನಿರುತ್ತೇನೋ ಇಲ್ಲವೋ ಗೊತ್ತಿಲ್ಲ. ಮನೆಯಲ್ಲಿ ಗುದ್ದಲಿ ಈಗ ಮಂಚದ ಕೆಳಗಿರುತ್ತದೆ. ಜುಲೈ ಎರಡು, ಶುಕ್ರವಾರ, ಶಾಲೆ ಬಿಟ್ಟ ಮೇಲೆ ಗೊರೆಟಿಯ ಕೈ ಹಿಡಿದು ಮನೆಗೆ ಹೋಗದೆ ಟ್ಯಾಕ್ಸಿ ಹತ್ತುತ್ತೇನೆ. ನಿನ್ನ ಬಾಗಿಲು ತೆಗೆಯದಿದ್ದರೆ ಬೇರೆ ಯಾವುದನ್ನೋ ತಟ್ಟುತ್ತೇನೆ. ಇದನ್ನು ಕೇಳುವುದಕ್ಕೆ ಬರೆದದ್ದಲ್ಲ, ತಿಳಿಸುವುದಕ್ಕೆ ಬರೆದದ್ದು.

ರೆಸ್ಟಿ


ಕಟ್ವೆ, ಕಂಪಾಲ
28 ಜೂನ್ 2004

ರೆಸ್ಟಿ,

ಇದನ್ನು ನಲೊಂಗೊ ಟೀಚರ್ ನಿನಗೆ ಬುಧವಾರವೇ ಕೊಡಬೇಕು, ಕಂಡಕ್ಟರ್‌ಗೆ ಎರಡೆರಡು ಸಲ ಹೇಳಿದ್ದೇನೆ.

ನಿನ್ನೆ ಆ ಚಿತ್ರ ಮತ್ತೆ ಹಾಕಿದೆ. ಬಾವಿಕಟ್ಟೆ ಬಂದಾಗ ಚಿತ್ರ ನಿಲ್ಲಿಸಿ ಹಾಲಿನ ದೀಪ ಹಾಕಿಸಿದೆ. ದೀಪ ಹಾಕಿದರೆ ಯಂತ್ರ ಕೆಟ್ಟಿತೇನೋ ಎಂದು ಎಲ್ಲರೂ ತಿರುಗಿ ನೋಡುತ್ತಾರೆ, ಹಾಗೆ ನೋಡಿದರು. ನನ್ನ ದನಿಯಲ್ಲೇ ಹೇಳಿದೆ. 'ಮಾರ್ಚಿನಲ್ಲಿ ನೀವು ನಕ್ಕಿದ್ರಲ್ಲ, ಆ ಮಾತು ನಂದಲ್ಲ. ನನ್ನ ತಂಗಿ ರೆಸ್ಟಿ ನಕಿಟೆಂಡೆದು. ಕಲಿಸಿಜೊದಲ್ಲಿ ಟೀಚರ್. ಸಿನಿಮಾದ್ದಲ್ಲ ಅದು, ಅವಳದೇ ಕತೆ. ನಂಗೆ ಕಾಗದ ಬರೆದಿದ್ಲು. ನಾನು ಅದನ್ನ ನಿಮಗೆ ಮಾರಿದೆ.' ಆಮೇಲೆ ನಿನ್ನ ಕಾಗದವನ್ನೇ ತೆಗೆದು ಓದಿದೆ, ನೀನು ಹೇಳಿದ ಹಾಗೆ ನಿಧಾನವಾಗಿ. ಹಲ್ಲಿನ ಮಾತಿಗೆ ಮುಂದಿನ ಬೆಂಚಿನಲ್ಲೊಬ್ಬ ಅಭ್ಯಾಸಬಲದಿಂದ ನಕ್ಕ. ಅವನ ನಗು ಮುಗಿಯುವ ತನಕ ಕಾದೆ. ಬಾಗಿಲಿನಲ್ಲಿ ಕಡಲೆಕಾಯಿ ಮಾರುವ ಹೆಂಗಸು ಬುಟ್ಟಿ ಕೆಳಗಿಟ್ಟು ಒಳಗೆ ಬಂದು ನಿಂತಳು. ಐದು ವರ್ಷದಿಂದ ಅಲ್ಲೇ ಕೂರುತ್ತಾಳೆ, ಅವಳು ಒಳಗೆ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. 'ಮುಂದೆ ಹೇಳಿ' ಎಂದಳು.

ಹುಂಜದ ಸಾಲಿಗೆ ಬಂದೆ. ಓದಲಾಗಲಿಲ್ಲ. ಇಪ್ಪತ್ತು ಜನರ ದನಿ ತೆಗೆಯುವವನಿಗೆ ತನ್ನದೊಂದು ದನಿ ಬರಲಿಲ್ಲ. ಅಯಿಕೊರು ಎದ್ದು ಬಂದು ಕೈಯಿಂದ ಕಾಗದ ತೆಗೆದುಕೊಂಡು ಉಳಿದದ್ದನ್ನು ಓದಿದಳು. ನನ್ನ ಮೈಕಿನಲ್ಲಿ ಹೆಂಗಸೊಬ್ಬಳು ಮಾತಾಡಿದ್ದೂ ಅದೇ ಮೊದಲು. ಯಾರೂ ಸಿಪ್ಪೆ ಎಸೆಯಲಿಲ್ಲ. ಅರ್ಧ ಹಾಲು ಎದ್ದು ಹೋಯಿತು, ಅರ್ಧ ಕೂತಿತ್ತು. ಕೂತವರು ಏನು ಯೋಚಿಸಿದರೋ ಗೊತ್ತಿಲ್ಲ. ನಾಳೆ ಜನ ಬರುತ್ತಾರೋ ಇಲ್ಲವೋ, ಅದೂ ಗೊತ್ತಿಲ್ಲ.

ನನಗೆ ನಾಚಿಕೆಯಾಗಿದೆ, ರೆಸ್ಟಿ. ನೀನು ಕೇಳಿದ್ದು ಬಾಗಿಲು, ನಾನು ಗಾದೆ ಕೊಟ್ಟೆ. ಚಿಕ್ಕಂದಿನಿಂದಲೂ ನಿನ್ನ ಮಾತಿಗೆ ಚಪ್ಪಾಳೆ ಗಿಟ್ಟಿಸಿಕೊಂಡು ಬದುಕಿದವನು ನಾನು. ಗೋಡೆಯ ಮುಂದೆ ಕೂತಾಗ ಊರು ನನ್ನ ಬೆನ್ನು ತಟ್ಟುತ್ತಿತ್ತು, ನೀನು ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಿದ್ದೆ. ಅದು ಸರಿ ಎಂದೇ ಅಂದುಕೊಂಡಿದ್ದೆ.

ದೊಡ್ಡಪ್ಪನಿಗೆ ಹೇಳಿ ಬಂದೆ. 'ತಿಂದ ಹುಂಜ ಕೂಗಲ್ಲ ದೊಡ್ಡಪ್ಪ, ಅದಕ್ಕೇ ಬದುಕಿರೋದನ್ನ ತಗೊಂಡು ಹೋಗ್ತಿದೀನಿ' ಎಂದೆ. ಇನ್ನು ಈ ಮನೆಗೆ ಬರಬೇಡ ಎಂದರು. ಎರಡು ಹುಂಜ ಕೊಂಡಿದ್ದೇನೆ. ಒಂದನ್ನು ಕಾಲು ಕಟ್ಟಿ ನಾನೇ ತರುತ್ತೇನೆ, ದಮುಲಿರನ ಕೈಗೆ ವಾಪಸ್ ಕೊಡುವುದಕ್ಕೆ. ನಿನ್ನನ್ನು ಒಪ್ಪಿಸಿಕೊಟ್ಟ ಕೈಯಿಂದಲೇ ಕೊಡುತ್ತೇನೆ, ಸಂತೆಯವರೆಲ್ಲ ನೋಡಲಿ. ನೀನು ಆಗ ಜೊತೆಯಲ್ಲಿರುವುದು ಬೇಡ, ಟ್ಯಾಕ್ಸಿಯಲ್ಲಿ ಕೂತಿರು. ಆಮೇಲೆ ಅವನು ಗೊರೆಟಿಗಾಗಿ ಕುಲದವರನ್ನು ಕಟ್ವೆಗೆ ಕರೆತರಬಹುದು. ತರಲಿ, ಅವರ ಮುಂದೆ ನೀನೇ ಮಾತಾಡು, ನಾನು ಪಕ್ಕದಲ್ಲಿ ಸುಮ್ಮನೆ ಕೂತಿರುತ್ತೇನೆ. ಇನ್ನೊಂದು ಹುಂಜ ಇಲ್ಲೇ ಇರುತ್ತದೆ. ಕಡಲೆಕಾಯಿ ಹೆಂಗಸು ಅದನ್ನು ಬಾಳೆ ಎಲೆಯಲ್ಲಿ ಕಟ್ಟಿ ಬೇಯಿಸಿ ಇಡುತ್ತೇನೆ ಎಂದಿದ್ದಾಳೆ. ಅಜ್ಜಿ ಏನಾದರೂ ಹೇಳಿಕೊಳ್ಳಲಿ, ತೊಡೆಯ ತುಂಡು ನಿನಗೆ, ಇನ್ನೊಂದು ಗೊರೆಟಿಗೆ.

ಆ ಬಾಗಿಲು ಎಷ್ಟು ದೂರ ಎಂದು ನೀನು ಫೆಬ್ರವರಿಯಲ್ಲಿ ಕೇಳಿದ್ದೆ. ಟ್ಯಾಕ್ಸಿಯಲ್ಲಿ ನಾಲ್ಕು ಗಂಟೆ. ನಾನು ನಾಲ್ಕು ತಿಂಗಳು ಮಾಡಿದೆ.

ಶುಕ್ರವಾರ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತಿರುತ್ತೇನೆ. ಟ್ಯಾಕ್ಸಿಯಲ್ಲಿ ನನ್ನ ಪಕ್ಕ ಕೂರು. ದಾರಿಯುದ್ದಕ್ಕೂ ನೀನು ಹೇಳು, ನಾನು ಬಾಯಿ ಬಿಡುವುದಿಲ್ಲ.

ಬೆರಳು ಕಾಣುವ ಚಪ್ಪಲಿ ಹಾಕಿಕೊಂಡು ಬಾ.

ನಿನ್ನ ಅಣ್ಣ
ಕಿಗೋಜಿ